ಕುಂಬಳೆಯಿಂದ ಬ್ಯಾಂಕಾಕ್‌ವರೆಗೆ: ಮನೆಮಂದಿಯೊಡನೆ ಮೂರು ದೇಶ ಸುತ್ತುವ ಲೆಕ್ಕಾಚಾರ

ಕೇರಳದ ಕಾಸರಗೋಡು ಜಿಲ್ಲೆಯ ಕುಂಬಳೆ ಹತ್ತಿರದ ಒಂದು ವಾಚನಾಲಯದಲ್ಲಿ ಆಡಿದ ಮಾತುಗಳ ಬರಹ ರೂಪ ಇದು. ಸಭೆಯಲ್ಲಿ ಬಂದ ಪ್ರಶ್ನೆಗಳನ್ನೂ ಅಲ್ಲಲ್ಲೇ ಸೇರಿಸಿದ್ದೇನೆ.

ಎಲ್ಲರಿಗೂ ನಮಸ್ಕಾರ.

ವಿಮಾನದ ವಿಷಯ ನಮ್ಮ ಊರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಗಲ್ಫಿಗೆ ಹೋದವರು ಇಲ್ಲದ ಊರು ಹುಡುಕಿದರೂ ಸಿಗದು. ಎಷ್ಟು ಕಿಲೋ ಲಗೇಜ್ ಬಿಡ್ತಾರೆ, ಪೆಟ್ಟಿಗೆಗೆ ಹಗ್ಗ ಹೇಗೆ ಬಿಗಿಯಬೇಕು, ಶಾಲೆಗೆ ರಜೆ ಸಿಕ್ಕಿದ ಕೂಡಲೇ ಟಿಕೆಟ್ ದರ ಯಾಕೆ ಏರುತ್ತದೆ, ಇದೆಲ್ಲ ಇಲ್ಲಿ ಹೈಸ್ಕೂಲು ಮಕ್ಕಳಿಗೂ ಗೊತ್ತು. ಟಿಕೆಟ್ ಮಾಡಿಕೊಡುವುದೇ ಕೆಲಸವಾಗಿರುವ ನನಗೆ ಇಂಥ ಊರಲ್ಲಿ ಮಾತಾಡೋಕೆ ಸ್ವಲ್ಪ ಹೆದರಿಕೆಯೇ.

ಆದರೆ ಈ ಗಲ್ಫ್ ಅನುಭವ ಒಂದು ಕಡೆ ನಮ್ಮ ದಾರಿ ತಪ್ಪಿಸುತ್ತದೆ. ಅದು ಒಂದೇ ವಿಮಾನದ ಪ್ರಯಾಣ. ಮಂಗಳೂರಲ್ಲಿ ಹತ್ತಿದರೆ ದುಬಾಯಿಯಲ್ಲಿ ಇಳಿಯುವುದು. ಅಲ್ಲಿ ಭಾವನೋ ಮಾವನೋ ಕಾರು ತಂದು ನಿಂತಿರುತ್ತಾರೆ. ಹೊರಡುವ ಕಡೆಯೂ ನಮ್ಮವರು, ಇಳಿಯುವ ಕಡೆಯೂ ನಮ್ಮವರು. ಹಾಗಾಗಿ ದರ ಒಂದನ್ನು ನೋಡಿದರೆ ಸಾಕಾಗುತ್ತಿತ್ತು. ಈಗ ಗಲ್ಫಿನಲ್ಲಿ ದುಡಿದು ಬಂದ ಮನೆಗಳಲ್ಲೇ "ಒಮ್ಮೆ ಅಪ್ಪ ಅಮ್ಮನನ್ನೂ ಮಕ್ಕಳನ್ನೂ ಕರ್ಕೊಂಡು ಸಿಂಗಾಪುರ, ಮಲೇಷ್ಯಾ, ಥಾಯ್ಲೆಂಡ್ ನೋಡ್ಕೊಂಡು ಬರೋಣ" ಅನ್ನುವ ಮಾತು ಬರುತ್ತಿದೆ. ಒಳ್ಳೆಯದೇ. ಆದರೆ ಅಲ್ಲಿ ಯಾರೂ ಕಾರು ತಂದು ನಿಂತಿರುವುದಿಲ್ಲ. ಒಂದು ವಿಮಾನದಿಂದ ಇಳಿದು ಇನ್ನೊಂದಕ್ಕೆ ಹತ್ತುವ ಜಾಗ, ವಿಮಾನದಿಂದ ಬಸ್ಸಿಗೆ ಹೋಗುವ ಜಾಗ, ಬಸ್ಸಿನಿಂದ ಹೋಟೆಲಿಗೆ ಹೋಗುವ ಜಾಗ, ಇವನ್ನೆಲ್ಲ ನಾನು ಕೊಂಡಿ ಅಂತ ಕರೆಯುತ್ತೇನೆ. ತೊಂದರೆ ಬರುವುದೆಲ್ಲ ಈ ಕೊಂಡಿಗಳಲ್ಲಿ. ದರ ಹುಡುಕುವ ಮೊದಲು ಕೊಂಡಿ ಎಣಿಸಿ ಅನ್ನುವುದೇ ನನ್ನ ಇವತ್ತಿನ ಮಾತು.

ಒಂದು ಮನೆಯನ್ನು ಕಣ್ಣೆದುರು ಇಟ್ಟುಕೊಳ್ಳೋಣ. ಬದಿಯಡ್ಕ ಕಡೆಯ ಮನೆ. ಅಜ್ಜ, ಅಜ್ಜಿ, ಗಂಡ, ಹೆಂಡತಿ, ಒಂಬತ್ತು ವರ್ಷದ ಮಗಳು, ಮೂರು ವರ್ಷದ ಮಗ. ಒಟ್ಟು ಆರು ಜನ. ಅಜ್ಜಿಗೆ ಮಂಡಿನೋವು. ಕ್ರಿಸ್ಮಸ್ ರಜೆಯ ಹತ್ತು ದಿನ.

ಮೊದಲ ಕೊಂಡಿ ನಮ್ಮ ಅಂಗಳದಲ್ಲೇ ಇದೆ. ಯಾವ ವಿಮಾನ ನಿಲ್ದಾಣ? ಹತ್ತಿರದ್ದು ಮಂಗಳೂರು. ದಕ್ಷಿಣಕ್ಕೆ ಹೋದರೆ ಮಟ್ಟನ್ನೂರಿನಲ್ಲಿ 2018ರ ಡಿಸೆಂಬರ್‌ನಲ್ಲಿ ಶುರುವಾದ ಕಣ್ಣೂರು ನಿಲ್ದಾಣ. ಎರಡೂ ಕಡೆ ಅಂತಾರಾಷ್ಟ್ರೀಯ ಅಂದರೆ ಹೆಚ್ಚುಕಮ್ಮಿ ಗಲ್ಫೇ. ಕಣ್ಣೂರಿನ ರನ್‌ವೇ ಮೂರು ಕಿಲೋಮೀಟರ್ ಉದ್ದ ಇದೆ, ದೊಡ್ಡ ವಿಮಾನವೂ ಇಳಿಯಬಹುದು. ಆದರೆ ವಿದೇಶಿ ಕಂಪೆನಿಗಳಿಗೆ ಅಲ್ಲಿ ಇಳಿಯುವ ಅನುಮತಿಯನ್ನು ವರ್ಷಗಳಿಂದ ಕೇಳುತ್ತಲೇ ಇದ್ದಾರೆ. ಮಂಗಳೂರಿನಿಂದ ಸಿಂಗಾಪುರಕ್ಕೆ 2025ರ ಜನವರಿಯಲ್ಲಿ ನೇರ ವಿಮಾನ ಶುರುವಾದಾಗ ನಮಗೆಲ್ಲ ಖುಷಿಯಾಗಿತ್ತು. ಆದರೆ ಇಂಥ ಸೇವೆಗಳು ಸೀಸನ್ನಿಗೆ ಬರುತ್ತವೆ, ಹೋಗುತ್ತವೆ. ನೀವು ಹೊರಡುವ ತಿಂಗಳ ವೇಳಾಪಟ್ಟಿ ನೋಡಿಯೇ ನಂಬಿ. ಪೂರ್ವ ದೇಶಗಳಿಗೆ ನಿಜವಾದ ಬಾಗಿಲು ಅಂದರೆ ಕೊಚ್ಚಿ ಅಥವಾ ಬೆಂಗಳೂರು.

ನಮ್ಮವರಿಗೆ ಬೆಂಗಳೂರು ಅಂದರೆ ಮನಸ್ಸು ಹಗುರ. ಭಾಷೆ ನಮ್ಮದು, ನೆಂಟರಿದ್ದಾರೆ, ರಾತ್ರಿ ಬಸ್ಸಿದೆ. ಆದರೆ ಲೆಕ್ಕ ಹಾಕಿ. ಬಸ್ಸು ನಿಮ್ಮನ್ನು ಬಿಡುವುದು ಪೇಟೆಯಲ್ಲಿ, ವಿಮಾನ ಇರುವುದು ದೇವನಹಳ್ಳಿಯಲ್ಲಿ. ನಡುವೆ ಮತ್ತೊಂದು ಗಂಟೆಗಿಂತ ಜಾಸ್ತಿ. ಮಂಗಳೂರಿನಿಂದ ಬೆಂಗಳೂರಿಗೆ ವಿಮಾನದಲ್ಲೇ ಹೋದರೂ ಒಂದು ಕೊಂಡಿ ಇದೆ. 2023ರ ಸೆಪ್ಟೆಂಬರ್‌ನಿಂದ ಅಂತಾರಾಷ್ಟ್ರೀಯ ವಿಮಾನಗಳೆಲ್ಲ 2ನೇ ಟರ್ಮಿನಲ್‌ನಿಂದ ಹೊರಡುತ್ತವೆ. ನಮ್ಮ ದೇಶೀಯ ವಿಮಾನ 1ನೇ ಟರ್ಮಿನಲ್‌ಗೆ ಬಂದರೆ ಶಟಲ್ ಬಸ್ಸು ಹಿಡಿಯಬೇಕು. ಮಳೆಗಾಲದಲ್ಲಿ ಇನ್ನೊಂದು ಸಂಗತಿ. ಶಿರಾಡಿ ಘಾಟಿ ಯಾವಾಗ ಕುಸಿಯುತ್ತದೆ ಅಂತ ಯಾರಿಗೂ ಗೊತ್ತಿಲ್ಲ. 2024ರ ಜುಲೈಯಲ್ಲಿ ರಸ್ತೆಯೂ ಕೆಟ್ಟಿತು, ಎಡಕುಮೇರಿ ಹತ್ತಿರ ರೈಲು ಹಳಿಯ ಕೆಳಗಿನ ಮಣ್ಣೂ ಜಾರಿತು. ಒಂದೇ ವಾರದಲ್ಲಿ ಎರಡು ದಾರಿಯೂ ಬಂದ್. ಜೂನ್‌ನಿಂದ ಸೆಪ್ಟೆಂಬರ್ ನಡುವೆ ಬೆಂಗಳೂರಿನಿಂದ ಹಾರುವುದಾದರೆ ಒಂದು ದಿನ ಮುಂಚೆಯೇ ಘಾಟಿ ಹತ್ತಿಬಿಡಿ. ಓಣಂ ರಜೆಯಲ್ಲಿ ಹೋಗುವವರಿಗೂ ಇದೇ ಮಾತು.

ಕೊಚ್ಚಿಗೆ ರೈಲಲ್ಲಿ ಸುಮಾರು 350 ಕಿಲೋಮೀಟರ್. ಇಳಿಯುವುದು ಎರ್ನಾಕುಲಂನಲ್ಲಿ ಅಲ್ಲ, ಆಲುವಾದಲ್ಲಿ. ಅಲ್ಲಿಂದ ಕೊಚ್ಚಿ ವಿಮಾನ ನಿಲ್ದಾಣ ಇರುವ ನೆಡುಂಬಾಶ್ಶೇರಿ ಹತ್ತಿರ. ಎರ್ನಾಕುಲಂನಲ್ಲಿ ಇಳಿದು ವಾಪಸ್ ಬರುವವರು ಈಗಲೂ ಇದ್ದಾರೆ, ಸುಮ್ನೆ ಗಂಟೆಗಟ್ಟಲೆ ಟ್ರಾಫಿಕ್ಕಿನಲ್ಲಿ ಕೂರೋಕೆ. ಕೊಚ್ಚಿಯಿಂದ ಸಿಂಗಾಪುರ, ಕ್ವಾಲಾಲಂಪುರ, ಬ್ಯಾಂಕಾಕ್ ಮೂರಕ್ಕೂ ನೇರ ವಿಮಾನ ಇವೆ. ನಮ್ಮ ಬದಿಯಡ್ಕದ ಮನೆಗೆ ನಾನು ಕೊಚ್ಚಿಯನ್ನೇ ಹೇಳುತ್ತೇನೆ. ಘಾಟಿ ಇಲ್ಲ, ಟರ್ಮಿನಲ್ ಬದಲಿಸುವ ರಗಳೆ ಇಲ್ಲ, ಒಂದೇ ರೈಲು.

ಎರಡನೇ ವಿಷಯ: ಹೋದ ಊರಿನಿಂದಲೇ ವಾಪಸ್ ಬರಬೇಕು ಅಂತ ಏನಿಲ್ಲ. ಗಲ್ಫ್ ಟಿಕೆಟ್ ಯಾವಾಗಲೂ ಹೋಗಿ ಬರುವ ಟಿಕೆಟ್, ಅದಕ್ಕೆ ಈ ಅಭ್ಯಾಸ. ಸಿಂಗಾಪುರಕ್ಕೆ ಹೋಗಿ ಸಿಂಗಾಪುರದಿಂದಲೇ ಬರುವ ಟಿಕೆಟ್ ತೆಗೆದರೆ ಏನಾಗುತ್ತದೆ? ಬ್ಯಾಂಕಾಕ್ ನೋಡಿ ಮುಗಿದ ಮೇಲೆ ವಾಪಸ್ ಸಿಂಗಾಪುರಕ್ಕೇ ಹಾರಬೇಕು. ಒಂದು ವಿಮಾನ ಜಾಸ್ತಿ, ಅರ್ಧ ದಿನ ಜಾಸ್ತಿ. ಅದರ ಮೇಲೆ ವೀಸಾದ ತಲೆನೋವು. ಒಂದೇ ಸಲ ಒಳಗೆ ಬಿಡುವ ವೀಸಾ ಇದ್ದರೆ ಎರಡನೇ ಸಲ ಬಾಗಿಲು ತೆರೆಯುವುದಿಲ್ಲ. ವಿಯೆಟ್ನಾಂ ನೋಡಿ, ನಡುವೆ ಕಾಂಬೋಡಿಯಕ್ಕೆ ಹೋಗಿ, ವಿಯೆಟ್ನಾಂನಿಂದಲೇ ಊರಿಗೆ ಹಾರುವವರು ಇಲ್ಲಿ ಸಿಕ್ಕಿಬೀಳುತ್ತಾರೆ. ಅಲ್ಲಿಯ ಇ-ವೀಸಾದಲ್ಲಿ ಒಂದು ಸಲದ್ದು ಬೇರೆ, ಹಲವು ಸಲದ್ದು ಬೇರೆ, ಎರಡಕ್ಕೂ ಬೇರೆ ಬೇರೆ ಶುಲ್ಕ. ಇದಕ್ಕೆಲ್ಲ ಮದ್ದು ಅಂದರೆ ಬುಕಿಂಗ್ ಪುಟದಲ್ಲಿ ಮಲ್ಟಿ ಸಿಟಿ ಅಂತ ಇರುವುದನ್ನು ಒತ್ತುವುದು. ಕೊಚ್ಚಿಯಿಂದ ಸಿಂಗಾಪುರ, ಬ್ಯಾಂಕಾಕ್‌ನಿಂದ ಕೊಚ್ಚಿ. ನಡುವಿನ ದಾರಿ ಬೇರೆಯಾಗಿ.

ಇನ್ನು ನಡುವಿನ ದಾರಿಗೆ ಬರೋಣ. ಸಿಂಗಾಪುರದಿಂದ ಕ್ವಾಲಾಲಂಪುರಕ್ಕೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್, ನಾವು ಆಲುವಾಕ್ಕೆ ಹೋದಷ್ಟೇ ದೂರ. ವಿಮಾನ ಆಕಾಶದಲ್ಲಿ ಇರುವುದು ಒಂದು ಗಂಟೆ. ಆದರೆ ಹೋಟೆಲಿನಿಂದ ಚಾಂಗಿ ನಿಲ್ದಾಣ, ಎರಡು ಗಂಟೆ ಮೊದಲು ಹೋಗಿ ಕೂರುವುದು, ಕ್ವಾಲಾಲಂಪುರದಲ್ಲಿ ಇಳಿದ ಮೇಲೆ ಪೇಟೆಗೆ ಐವತ್ತು ಕಿಲೋಮೀಟರಿಗಿಂತ ಜಾಸ್ತಿ, ಎಲ್ಲ ಸೇರಿಸಿದರೆ ಬಸ್ಸಿನಷ್ಟೇ ಹೊತ್ತಾಗುತ್ತದೆ. ಬಸ್ಸು ಪೇಟೆಯೊಳಗೇ ಬಿಡುತ್ತದೆ, ಅಗಲದ ಸೀಟು ಇರುತ್ತದೆ. ಹಾಗಾದರೆ ಬಸ್ಸೇ ಒಳ್ಳೆಯದಾ? ವಾರದ ನಡುವೆ, ಬೆಳಿಗ್ಗೆ ಹೊರಟರೆ ಹೌದು. ಶುಕ್ರವಾರ ಸಂಜೆ, ಶನಿವಾರ ಬೆಳಿಗ್ಗೆ ಬೇಡವೇ ಬೇಡ.

ಗಡಿ ಅಂದರೆ ಏನು ಅಂತ ಕಾಸರಗೋಡಿನವರಿಗೆ ವಿವರಿಸಬೇಕಾಗಿಲ್ಲ. 2020ರ ಮಾರ್ಚಿನಲ್ಲಿ, ಕೊರೋನಾ ಹೊತ್ತಿಗೆ, ರಸ್ತೆಗಳಿಗೆ ಮಣ್ಣು ಸುರಿದು ಕರ್ನಾಟಕ ಗಡಿಯ ತಲಪಾಡಿ ಆಚೆಗೆ ಹೋಗದ ಹಾಗೆ ಆದದ್ದು ಇಲ್ಲಿರುವ ಎಲ್ಲರಿಗೂ ನೆನಪಿದೆ. ಸಿಂಗಾಪುರ ಮತ್ತು ಮಲೇಷ್ಯಾದ ಜೊಹೋರ್ ನಡುವಿನ ವುಡ್‌ಲ್ಯಾಂಡ್ಸ್ ಗಡಿ ದಿನಾ ತೆರೆದೇ ಇರುತ್ತದೆ, ಆದರೆ ಅಷ್ಟೇ ಜನ. ಈಚೆ ದಿನಾ ಕೆಲಸಕ್ಕೆ ಬಂದು ಸಂಜೆ ಆಚೆ ಹೋಗುವವರ ದಂಡೇ ಇದೆ. ಬಸ್ಸು ಸಿಂಗಾಪುರದ ಠಾಣೆಯಲ್ಲಿ ನಿಲ್ಲುತ್ತದೆ, ಇಳಿಯಬೇಕು, ಪಾಸ್‌ಪೋರ್ಟ್ ತೋರಿಸಬೇಕು, ಮತ್ತೆ ಹತ್ತಬೇಕು. ಸೇತುವೆ ದಾಟಿದ ಮೇಲೆ ಮಲೇಷ್ಯಾದ ಠಾಣೆ. ಅಲ್ಲಿ ಎಲ್ಲ ಪೆಟ್ಟಿಗೆಗಳನ್ನೂ ಕೆಳಗಿಳಿಸಿ, ಎಳೆದುಕೊಂಡು ಹೋಗಿ, ಸ್ಕ್ಯಾನರಿಗೆ ಹಾಕಿ, ಮತ್ತೆ ಬಸ್ಸಿನ ಹೊಟ್ಟೆಗೆ ಹಾಕಬೇಕು. ಆರು ಜನಕ್ಕೆ ಆರು ಪೆಟ್ಟಿಗೆ ಇದ್ದರೆ ಎಳೆಯಲು ಗಟ್ಟಿ ಕೈ ಎರಡೇ ಜೋಡಿ. ಅಜ್ಜ "ನಾನು ಹಿಡೀತೇನೆ" ಅಂತ ಬರುತ್ತಾರೆ, ಬಿಡಬೇಡಿ. ಅದಕ್ಕೇ ನಾನು ಹೇಳುವುದು: ಎಷ್ಟು ಜನ ಅಂತ ನೋಡಿ ಪೆಟ್ಟಿಗೆ ಮಾಡಬೇಡಿ. ಗಟ್ಟಿಮುಟ್ಟಾಗಿರುವವರ ಕೈ ಎಷ್ಟು ಅಂತ ಎಣಿಸಿ, ಅಷ್ಟೇ ಪೆಟ್ಟಿಗೆ ಮಾಡಿ.

ಕ್ವಾಲಾಲಂಪುರದಿಂದ ಬ್ಯಾಂಕಾಕ್‌ಗೆ ರೈಲೂ ಇದೆ. ಪಡಾಂಗ್ ಬೆಸಾರ್ ಅನ್ನುವ ಗಡಿ ನಿಲ್ದಾಣದವರೆಗೆ ಮಲೇಷ್ಯಾದ ವಿದ್ಯುತ್ ರೈಲು, ಆಮೇಲೆ ಥಾಯ್ ರೈಲು. ಒಂದೇ ನಿಲ್ದಾಣದಲ್ಲಿ ಎರಡೂ ದೇಶದ ಮುದ್ರೆ ಬೀಳುತ್ತದೆ. ಮದುವೆಯಾದ ಹೊಸ ಜೋಡಿ ಬಂದು ಕೇಳಿದರೆ ಇದನ್ನೇ ಹೇಳುತ್ತೇನೆ. ಮೂರು ವರ್ಷದ ಮಗು, ಮಂಡಿನೋವಿನ ಅಜ್ಜಿ ಇದ್ದರೆ ಬೇಡ, ವಿಮಾನ. ಇನ್ನೊಂದು, ಥಾಯ್ಲೆಂಡಿನ ಗಡಿಯಾರ ಮಲೇಷ್ಯಾಕ್ಕಿಂತ ಒಂದು ಗಂಟೆ ಹಿಂದೆ. ನಮ್ಮಿಂದ ನೋಡಿದರೆ ಸಿಂಗಾಪುರ, ಮಲೇಷ್ಯಾ ಎರಡೂವರೆ ಗಂಟೆ ಮುಂದೆ, ಥಾಯ್ಲೆಂಡ್ ಒಂದೂವರೆ ಗಂಟೆ ಮುಂದೆ. ರೈಲಿನ ಕೊಂಡಿ ತಪ್ಪುವುದು ಹೆಚ್ಚಾಗಿ ಈ ಒಂದು ಗಂಟೆಯಿಂದ.

ಭೂಗಡಿಗಳನ್ನು ನಂಬಿ ಟಿಕೆಟ್ ತೆಗೆಯುವಾಗ ಸುದ್ದಿಯನ್ನೂ ಓದಬೇಕು. ಬ್ಯಾಂಕಾಕ್‌ನಿಂದ ಬಸ್ಸಿನಲ್ಲಿ ಕಾಂಬೋಡಿಯದ ಅಂಗ್ಕೋರ್ ದೇವಾಲಯಗಳನ್ನು ನೋಡಲು ಹೋಗುವುದು ಎಷ್ಟೋ ವರ್ಷ ಮಾಮೂಲಿ ದಾರಿಯಾಗಿತ್ತು. 2025ರ ಜುಲೈಯಲ್ಲಿ ಥಾಯ್ಲೆಂಡ್, ಕಾಂಬೋಡಿಯ ಸೈನ್ಯಗಳು ಹೊಡೆದಾಡಿಕೊಂಡವು, ಆ ಗಡಿ ದಾಟುವ ದಾರಿಗಳು ಮುಚ್ಚಿದವು. ಅಂಗ್ಕೋರ್ ಇರುವ ಊರು ಸಿಯೆಮ್ ರೀಪ್‌ನಲ್ಲಿ 2023ರಲ್ಲಿ ಹೊಸ ವಿಮಾನ ನಿಲ್ದಾಣ ಆಗಿದೆ, ದೇವಾಲಯಗಳಿಂದ ಸುಮಾರು ನಲವತ್ತು ಕಿಲೋಮೀಟರ್ ದೂರ. ಹಳೆಯದರ ಹಾಗೆ ಪಕ್ಕದಲ್ಲೇ ಇಲ್ಲ.

ಇಲ್ಲಿ ಹಿಂದಿನ ಸಾಲಿನಿಂದ ಒಬ್ಬ ಮಾಸ್ಟ್ರು ಕೇಳಿದರು: "ಅಗ್ಗದ ವಿಮಾನದಲ್ಲಿ ಎರಡು ಬೇರೆ ಬೇರೆ ಟಿಕೆಟ್ ತೆಗೆದರೆ ಅರ್ಧಕ್ಕರ್ಧ ಉಳಿಯುತ್ತದಲ್ಲ, ಯಾಕೆ ಬೇಡ?"

ಮಾಸ್ಟ್ರೇ, ಬೇಡ ಅಂತ ಅಲ್ಲ. ಆದರೆ ಎರಡು ಟಿಕೆಟ್ ಅಂದರೆ ಕಂಪೆನಿಯ ಕಣ್ಣಲ್ಲಿ ನೀವು ಇಬ್ಬರು ಬೇರೆ ಪ್ರಯಾಣಿಕರು. ಒಂದೇ ಬುಕಿಂಗಿನಲ್ಲಿ ಎರಡು ವಿಮಾನ ಇದ್ದು ಮೊದಲಿನದು ತಡವಾಗಿ ಎರಡನೆಯದು ತಪ್ಪಿದರೆ, ಮುಂದಿನದಕ್ಕೆ ಹತ್ತಿಸುವ ಜವಾಬ್ದಾರಿ ಅವರದು. ಬೇರೆ ಬೇರೆ ತೆಗೆದಿದ್ದರೆ ಎರಡನೇ ಟಿಕೆಟಿನ ದುಡ್ಡು ಹೋಯಿತು ಅಂತಲೇ ಲೆಕ್ಕ. ಪೆಟ್ಟಿಗೆಯೂ ಹಾಗೆಯೇ, ತಾನಾಗಿ ಮುಂದೆ ಹೋಗುವುದಿಲ್ಲ.

ಕ್ವಾಲಾಲಂಪುರದ 2ನೇ ಟರ್ಮಿನಲ್ ತೆಗೆದುಕೊಳ್ಳಿ, ಏರ್‌ಏಷ್ಯಾ ವಿಮಾನಗಳು ಬರುವುದು ಅಲ್ಲಿಗೆ. ಕೊಚ್ಚಿಯಿಂದ ಇಳಿದಿರಿ, ಮುಂದಿನ ಟಿಕೆಟ್ ಬೇರೆ. ಮೊದಲು ಉದ್ದದ ನಡಿಗೆ. ಆಮೇಲೆ ಇಮಿಗ್ರೇಶನ್ ಸಾಲು. ಮಲೇಷ್ಯಾದ ಡಿಜಿಟಲ್ ಅರೈವಲ್ ಕಾರ್ಡ್, ಅಂದರೆ ತಲುಪುವ ಮೊದಲೇ ಆನ್‌ಲೈನಿನಲ್ಲಿ ತುಂಬುವ ಫಾರ್ಮ್, ತುಂಬಿಲ್ಲದಿದ್ದರೆ ಅಲ್ಲೇ ನಿಂತು ಮೊಬೈಲಿನಲ್ಲಿ ಆರು ಜನರದ್ದು ತುಂಬಬೇಕು, ಒಬ್ಬೊಬ್ಬರ ಪಾಸ್‌ಪೋರ್ಟ್ ನಂಬರ್ ಹೊಡೆಯುತ್ತಾ. ಆಮೇಲೆ ಪೆಟ್ಟಿಗೆಗೆ ಕಾಯುವುದು. ಕಸ್ಟಮ್ಸ್ ದಾಟಿ ಹೊರಗೆ ಬಂದು, ಲಿಫ್ಟ್ ಹುಡುಕಿ ಮೇಲಿನ ಮಹಡಿಗೆ ಹೋಗಿ, ಮತ್ತೆ ಪೆಟ್ಟಿಗೆ ಕೊಡುವ ಸಾಲು. ಆ ಕೌಂಟರ್ ವಿಮಾನ ಹೊರಡುವ ಒಂದು ಗಂಟೆ ಮೊದಲೇ ಮುಚ್ಚುತ್ತದೆ. ಆಮೇಲೆ ಭದ್ರತೆ, ಮತ್ತೆ ಇಮಿಗ್ರೇಶನ್. ಅಷ್ಟರಲ್ಲಿ ಮಗು ಒಮ್ಮೆ ಬಾತ್‌ರೂಮ್ ಅನ್ನುತ್ತದೆ. ಎರಡು ಗಂಟೆ ಇಟ್ಟುಕೊಂಡವರು ಓಡುತ್ತಾರೆ. ನಾನು ಐದು ಗಂಟೆ ಕೆಳಗೆ ಬುಕ್ ಮಾಡಿಕೊಡುವುದೇ ಇಲ್ಲ. ಗಿರಾಕಿ ಬೈದರೂ ಸರಿ. ಎರಡನೇ ವಿಮಾನ 1ನೇ ಟರ್ಮಿನಲ್‌ನಲ್ಲಿ ಇದ್ದರೆ ನಡುವೆ ರೈಲು ಹಿಡಿಯಬೇಕು, ಮೂರು ನಿಮಿಷದ ದಾರಿ, ಆದರೆ ಅದೂ ಒಂದು ಕೊಂಡಿಯೇ.

ಸಿಂಗಾಪುರದಲ್ಲಿ ಇದೇ ಕೆಲಸ ಮಾಡಲು ಹೋದರೆ ಇನ್ನೂ ಕಷ್ಟ. ಭಾರತೀಯರಿಗೆ ಅಲ್ಲಿ ಒಳಗೆ ಹೋಗಲು ವೀಸಾ ಬೇಕು. ಪೆಟ್ಟಿಗೆ ತೆಗೆದುಕೊಳ್ಳುವ ಜಾಗ ಇರುವುದು ಇಮಿಗ್ರೇಶನ್ನಿನ ಆಚೆ. ವೀಸಾ ಇಲ್ಲದೆ ಎರಡು ಬೇರೆ ಟಿಕೆಟಿನಲ್ಲಿ ಸಿಂಗಾಪುರದ ಮೂಲಕ ಹೋಗುವವರ ಪೆಟ್ಟಿಗೆ ಒಂದು ಕಡೆ, ಅವರು ಒಂದು ಕಡೆ. ಅಂಥ ಟಿಕೆಟನ್ನು ಮೊಬೈಲ್ ಆಪ್ ಯಾವ ಎಚ್ಚರಿಕೆಯೂ ಇಲ್ಲದ ಹಾಗೆ ಎಲ್ಲಕ್ಕಿಂತ ಮೇಲೆ ತೋರಿಸುತ್ತದೆ, ಅಗ್ಗ ಅಂತ.

ಬ್ಯಾಂಕಾಕ್‌ಗೆ ಎರಡು ವಿಮಾನ ನಿಲ್ದಾಣ. ಸುವರ್ಣಭೂಮಿ ಪೂರ್ವಕ್ಕೆ, ಡಾನ್ ಮುವಾಂಗ್ ಉತ್ತರಕ್ಕೆ. ಅಗ್ಗದ ವಿಮಾನಗಳು ಹೆಚ್ಚಾಗಿ ಡಾನ್ ಮುವಾಂಗ್‌ಗೆ. ಇಲ್ಲಿಂದ ಅಲ್ಲಿಗೆ ಪ್ರಯಾಣಿಕರಿಗೆ ಉಚಿತ ಬಸ್ಸಿದೆ, ಆದರೆ ಬ್ಯಾಂಕಾಕ್ ಟ್ರಾಫಿಕ್ಕು ಉಚಿತ ಅಲ್ಲ, ಹೊತ್ತು ತಿನ್ನುತ್ತದೆ. ಟಿಕೆಟ್ ಕೈಗೆ ಬಂದ ಕೂಡಲೇ ಊರಿನ ಹೆಸರು ಓದಿ ಸುಮ್ಮನಾಗಬೇಡಿ. ಮೂರಕ್ಷರದ ಕೋಡ್ ನೋಡಿ: ಬಿಕೆಕೆ ಅಂದರೆ ಸುವರ್ಣಭೂಮಿ, ಡಿಎಂಕೆ ಅಂದರೆ ಡಾನ್ ಮುವಾಂಗ್. ಡಿಎಂಕೆ ಅಂದರೆ ನಮ್ಮವರಿಗೆ ಬೇರೆ ಏನೋ ನೆನಪಾಗುತ್ತದೆ, ಹಾಗಾಗಿ ಇದು ಮರೆಯುವುದಿಲ್ಲ.

ತಾರೀಕಿನ ವಿಷಯ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಇದರಲ್ಲಿ ಓದಿದವರೂ ಬೀಳುತ್ತಾರೆ. ನಮ್ಮ ದೇಶದಿಂದ ಪೂರ್ವಕ್ಕೆ ಹೋಗುವ ಎಷ್ಟೋ ವಿಮಾನಗಳು ನಡುರಾತ್ರಿ ಕಳೆದ ಮೇಲೆ ಹೊರಡುತ್ತವೆ. ಟಿಕೆಟಿನಲ್ಲಿ 21ನೇ ತಾರೀಕು 00:40 ಅಂತ ಇದ್ದರೆ, ನೀವು ನಿಲ್ದಾಣದಲ್ಲಿ ಇರಬೇಕಾದದ್ದು 20ರ ರಾತ್ರಿ ಒಂಬತ್ತಕ್ಕೆ. ಕೊಚ್ಚಿಯ ರೈಲು 20ರ ಬೆಳಿಗ್ಗೆಯದ್ದು. ನಮ್ಮ ಲೆಕ್ಕದಲ್ಲಿ ಸೂರ್ಯ ಹುಟ್ಟಿದ ಮೇಲೆ ಹೊಸ ದಿನ, ಅವರ ಲೆಕ್ಕದಲ್ಲಿ ಹನ್ನೆರಡು ಹೊಡೆದ ಮೇಲೆ. 21ರ ರಾತ್ರಿ ಆರಾಮಾಗಿ ಬಂದರೆ ವಿಮಾನ ಹೋಗಿ ಒಂದು ದಿನ ಆಗಿರುತ್ತದೆ.

ಇದೇ ವಿಮಾನ ಬೆಳಿಗ್ಗೆ ಏಳಕ್ಕೆ ಸಿಂಗಾಪುರದಲ್ಲಿ ಇಳಿಸುತ್ತದೆ ಅಂತ ಇಟ್ಕೊಳ್ಳಿ. ಹೋಟೆಲ್ ರೂಮು ಸಿಗುವುದು ಮಧ್ಯಾಹ್ನ ಎರಡು ಅಥವಾ ಮೂರಕ್ಕೆ. ರಾತ್ರಿ ನಿದ್ದೆ ಇಲ್ಲ, ಸ್ನಾನ ಇಲ್ಲ, ಅಜ್ಜಿಗೆ ಕಾಲು ಊದಿದೆ, ಮಗು ಅಳುತ್ತಿದೆ, ಏಳೆಂಟು ಗಂಟೆ ಲಾಬಿಯಲ್ಲಿ ಕೂರಬೇಕು. ಹಿಂದಿನ ರಾತ್ರಿಗೂ ರೂಮು ತೆಗೆದಿಟ್ಟರೆ ನೇರ ಹೋಗಿ ಮಲಗಬಹುದು, ಒಂದು ರಾತ್ರಿಯ ದುಡ್ಡು ಜಾಸ್ತಿ. ಹಗಲು ವಿಮಾನ ಸಿಕ್ಕಿದರೆ ಟಿಕೆಟಿಗೆ ಸ್ವಲ್ಪ ಜಾಸ್ತಿ. ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಎಷ್ಟೋ ಸಲ ಹಗಲು ವಿಮಾನವೇ ಅಗ್ಗ ಆಗುತ್ತದೆ. ಇದನ್ನು ಯಾವ ಆಪೂ ಕೂಡಿಸಿ ತೋರಿಸುವುದಿಲ್ಲ.

ಆರು ಸೀಟು ಒಟ್ಟಿಗೆ ಹುಡುಕಿದರೆ ದರ ಜಾಸ್ತಿ ತೋರಿಸಬಹುದು. ಕಡಿಮೆ ದರದ ಸೀಟು ನಾಲ್ಕೇ ಉಳಿದಿದ್ದರೆ ಆರಕ್ಕೂ ಮೇಲಿನ ದರ ಹಾಕುತ್ತದೆ. ನಾಲ್ಕು ಮತ್ತು ಎರಡು ಅಂತ ಬೇರೆ ಮಾಡಿ ನೋಡಿ. ಆದರೆ ಒಡೆಯುವಾಗ ಮಕ್ಕಳ ಜೊತೆ ತಂದೆ ತಾಯಿಯಲ್ಲಿ ಒಬ್ಬರಾದರೂ ಇರಲಿ, ಅಜ್ಜ ಅಜ್ಜಿಯನ್ನು ಇಬ್ಬರನ್ನೇ ಒಂದು ಬುಕಿಂಗಿನಲ್ಲಿ ಬಿಡಬೇಡಿ. ವಿಮಾನ ರದ್ದಾದರೆ ಒಂದು ಬುಕಿಂಗನ್ನು ಬೆಳಿಗ್ಗೆಗೂ ಇನ್ನೊಂದನ್ನು ಸಂಜೆಗೂ ಹಾಕಿದ್ದುಂಟು.

ಮಂಡಿನೋವು ಇದ್ದವರಿಗೆ ವೀಲ್‌ಚೇರ್ ಬೇಕು ಅಂತ ಬುಕ್ ಮಾಡುವಾಗಲೇ ಹೇಳಿಬಿಡಿ, ಕನಿಷ್ಠ ಎರಡು ದಿನ ಮೊದಲು. ನಾಚಿಕೆ ಬೇಡ. ನಮ್ಮ ಕಡೆಯ ಅಜ್ಜಿಯಂದಿರು "ನಾನು ನಡೀತೇನೆ ಮಗಾ" ಅನ್ನುತ್ತಾರೆ, ಆ ಉದ್ದದ ನಡಿಗೆ ಅವರು ನೋಡಿಲ್ಲ.

ಒಬ್ಬರು ಅಕ್ಕ ಊಟದ ಬಗ್ಗೆ ಕೇಳಿದರು. ಊಟ ಕೊಡುವ ವಿಮಾನದಲ್ಲಿ ಭಾರತೀಯ ಸಸ್ಯಾಹಾರ ಅಂತ ಬುಕಿಂಗಿನಲ್ಲೇ ಆರಿಸಬೇಕು, ಒಂದು ದಿನ ಮೊದಲಾದರೂ. ಸುಮ್ನೆ ವೆಜ್ ಅಂದರೆ ಉಪ್ಪುಹುಳಿ ಇಲ್ಲದ ಬೇಯಿಸಿದ ತರಕಾರಿ ಬರಬಹುದು. ಉಪ್ಪಿನಕಾಯಿ, ತೆಂಗಿನೆಣ್ಣೆ ಕೈಚೀಲದಲ್ಲಿ ನೂರು ಮಿಲಿಗಿಂತ ಜಾಸ್ತಿ ಬಿಡುವುದಿಲ್ಲ, ದೊಡ್ಡ ಪೆಟ್ಟಿಗೆಗೆ ಹಾಕಿ. ಆದರೆ ಕೊಬ್ಬರಿ? ನಮ್ಮ ಜಿಲ್ಲೆಯಲ್ಲಿ ತೆಂಗಿನ ಸಂಶೋಧನಾ ಕೇಂದ್ರವೇ ಇದ್ದರೂ ಈ ವಿಷಯ ಎಷ್ಟೋ ಜನಕ್ಕೆ ಗೊತ್ತಿಲ್ಲ. ಒಣಕೊಬ್ಬರಿ ಬೇಗ ಬೆಂಕಿ ಹಿಡಿಯುವ ವಸ್ತು, 2022ರಿಂದ ನಮ್ಮ ವಿಮಾನ ನಿಲ್ದಾಣಗಳಲ್ಲಿ ಅದನ್ನು ದೊಡ್ಡ ಪೆಟ್ಟಿಗೆಯಲ್ಲೂ ಬಿಡುವುದಿಲ್ಲ. ಪವರ್ ಬ್ಯಾಂಕ್ ಇದಕ್ಕೆ ತಿರುಗಾಮುರುಗಾ, ಕೈಚೀಲದಲ್ಲೇ ಇರಬೇಕು. ಎಲೆಅಡಿಕೆಯ ಜೊತೆ ಹೊಗೆಸೊಪ್ಪು ಜಗಿಯುವ ಅಜ್ಜ ಇದ್ದರೆ ಹೊಗೆಸೊಪ್ಪು ಮನೆಯಲ್ಲೇ ಇರಲಿ. ಸಿಂಗಾಪುರಕ್ಕೆ ಜಗಿಯುವ ತಂಬಾಕು ಒಯ್ಯುವುದು ಅಪರಾಧ.

ಊರೊಳಗೆ ಓಡಾಡಲು ಮೂರೂ ದೇಶದಲ್ಲಿ ಕಾರು ಕರೆಸುವ ಗ್ರ್ಯಾಬ್ ಆಪ್ ನಡೆಯುತ್ತದೆ. ಆರು ಜನಕ್ಕೆ ದೊಡ್ಡ ಕಾರು ಅಂತಲೇ ಆರಿಸಿ. ಕ್ವಾಲಾಲಂಪುರ ನಿಲ್ದಾಣದಿಂದ ಪೇಟೆಗೆ ಅರ್ಧ ಗಂಟೆಯ ವೇಗದ ರೈಲು ಚೆನ್ನಾಗಿದೆ, ಒಬ್ಬರೇ ಹೋಗುವಾಗ. ಆರು ಟಿಕೆಟ್ ತೆಗೆಯುವ ದುಡ್ಡಿಗೆ ಕಾರು ಮನೆಬಾಗಿಲಿಗೇ ಬಿಡುತ್ತದೆ. ಸಿಂಗಾಪುರದಲ್ಲಿ ಒಂದು ಕಾನೂನು ನೆನಪಿರಲಿ. 1.35 ಮೀಟರಿಗಿಂತ ಗಿಡ್ಡ ಇರುವ ಮಕ್ಕಳಿಗೆ ಆಪಿನ ಖಾಸಗಿ ಕಾರಿನಲ್ಲಿ ಮಕ್ಕಳ ಸೀಟು ಕಡ್ಡಾಯ, ಟ್ಯಾಕ್ಸಿಗೆ ವಿನಾಯಿತಿ. ನಮ್ಮ ಮನೆಯ ಎರಡೂ ಮಕ್ಕಳಿಗೆ ಇದು ತಾಗಬಹುದು.

ವೀಸಾ ಬಗ್ಗೆ ಇವತ್ತು ಹೇಳಿದ್ದು ಮುಂದಿನ ತಿಂಗಳು ಬದಲಾಗಬಹುದು. ಥಾಯ್ಲೆಂಡ್ 2023ರ ನವೆಂಬರ್‌ನಲ್ಲಿ, ಮಲೇಷ್ಯಾ ಅದೇ ಡಿಸೆಂಬರ್‌ನಲ್ಲಿ ಭಾರತೀಯ ಪ್ರವಾಸಿಗರಿಗೆ ವೀಸಾ ಬೇಡ ಅಂದವು. ಮಲೇಷ್ಯಾ ಅದನ್ನು 2026ರ ಕೊನೆಯವರೆಗೆ ಮುಂದುವರಿಸಿದೆ. ವೀಸಾ ಇಲ್ಲದಿದ್ದರೂ ಫಾರ್ಮ್ ಇದೆ. ಥಾಯ್ಲೆಂಡೂ 2025ರ ಮೇಯಿಂದ ಡಿಜಿಟಲ್ ಕಾರ್ಡ್ ಮಾಡಿದೆ. ಸಿಂಗಾಪುರದ್ದೂ ಸೇರಿ ಮೂರೂ ದೇಶದ್ದನ್ನು ಅಲ್ಲಿಗೆ ತಲುಪುವ ಮೂರು ದಿನದೊಳಗೆ ತುಂಬಬೇಕು, ಮೂರೂ ಉಚಿತ. ದುಡ್ಡು ಕೇಳುವ ಪುಟ ಸರಕಾರದ್ದಲ್ಲ.

ಕೊನೆಗೆ ಒಬ್ಬ ಹುಡುಗ ಕೇಳಿದ, "ಎಷ್ಟು ತಿಂಗಳು ಮೊದಲು ಬುಕ್ ಮಾಡಬೇಕು?" ಕ್ರಿಸ್ಮಸ್ ರಜೆಗಾದರೆ ಓಣಂ ಮುಗಿಯುವ ಮೊದಲೇ. ಆದರೆ ಅದಕ್ಕೂ ಮುಂಚೆ ಆರು ಪಾಸ್‌ಪೋರ್ಟನ್ನೂ ಮೇಜಿನ ಮೇಲೆ ಇಟ್ಟು ನೋಡಿ. ಪ್ರಯಾಣದ ದಿನದಿಂದ ಆರು ತಿಂಗಳು ಬಾಕಿ ಇರಬೇಕು. ಮಕ್ಕಳ ಪಾಸ್‌ಪೋರ್ಟಿಗೆ ಐದೇ ವರ್ಷ, ದೊಡ್ಡವರ ಹಾಗೆ ಹತ್ತಲ್ಲ, ಅದು ಮುಗಿದದ್ದು ಗೊತ್ತೇ ಆಗುವುದಿಲ್ಲ. ಹೆಸರು ಪಾಸ್‌ಪೋರ್ಟಿನಲ್ಲಿ ಇದ್ದ ಹಾಗೆಯೇ ಟಿಕೆಟಿಗೆ ಬರಲಿ. ನಮ್ಮಲ್ಲಿ ಅಪ್ಪನ ಭಟ್ಟಿಗೆ ಒಂದು ಟಿ, ಮಗನ ಭಟ್ಟಿಗೆ ಎರಡು ಟಿ, ಅಜ್ಜನದ್ದು ಬರೀ ಇನಿಶಿಯಲ್ಲು. ತಿದ್ದಿಸಬೇಕಾದರೆ ಕೋಝಿಕ್ಕೋಡು ಪಾಸ್‌ಪೋರ್ಟ್ ಕಚೇರಿಯಿಂದ ಹೊಸ ಪುಸ್ತಕ ಕೈಗೆ ಬಂದ ಮೇಲೆಯೇ ಟಿಕೆಟ್ ತೆಗೆಯಿರಿ, ಯಾಕೆಂದರೆ ಹೊಸ ಪುಸ್ತಕಕ್ಕೆ ನಂಬರೂ ಹೊಸದು.